ನಂದಾದೀಪದ ನ್ಯಾಯ: ನಿಲ್ಲದೆ ನಡೆಯುವ ಗಣಕಯಂತ್ರಗಳು

ನಮ್ಮ ಹಳೆಯ ದೇವಾಲಯಗಳ ಗರ್ಭಗುಡಿಯಲ್ಲಿ ನಂದಾದೀಪವು ಉರಿಯುತ್ತಿರುವುದನ್ನು ವಾಚಕರು ನೋಡಿಯೇ ಇರುತ್ತೀರಿ. ಅದು ಹಗಲಿರುಳೂ ಆರಬಾರದು. ಆದರೆ ಎಣ್ಣೆ ತೀರುತ್ತದೆ, ಬತ್ತಿ ಸವೆಯುತ್ತದೆ, ಗಾಳಿ ಬೀಸುತ್ತದೆ, ಕಾಲಕ್ರಮದಲ್ಲಿ ದೀಪವೇ ಹಳೆಯದಾಗಿ ಹೊಸ ದೀಪವನ್ನು ತರಬೇಕಾಗುತ್ತದೆ. ಆಗ ಹಳೆಯದನ್ನು ಆರಿಸಿ ಹೊಸದನ್ನು ಹೊತ್ತಿಸಿದರೆ ವ್ರತವು ಕೆಟ್ಟಂತೆಯೇ. ಆದುದರಿಂದ ಹೊಸ ದೀಪಕ್ಕೆ ಎಣ್ಣೆ ಬತ್ತಿಗಳನ್ನು ಹಾಕಿ, ಹಳೆಯದರ ಕುಡಿಯಿಂದಲೇ ಅದನ್ನು ಹೊತ್ತಿಸಿ, ಅದು ನಿಂತು ಉರಿಯುವುದನ್ನು ಕಣ್ಣಾರೆ ಕಂಡ ಮೇಲೆ ಹಳೆಯದನ್ನು ತೆಗೆಯಬೇಕು.

ಇಂದಿನ ನಾಗರಿಕ ಜೀವನದಲ್ಲಿ ಇಂತಹ ನಂದಾದೀಪಗಳು ಅನೇಕವಾಗಿವೆ. ವಿದ್ಯುಜ್ಜಾಲ, ನೀರು ಸರಬರಾಜು, ರೈಲ್ವೆ ಸಂಕೇತಗಳು, ಬ್ಯಾಂಕಿನ ಲೆಕ್ಕಪತ್ರ, ದೂರವಾಣಿ, ದೊಡ್ಡ ಕಾರ್ಖಾನೆಗಳು ಇವೆಲ್ಲವನ್ನೂ ಸ್ವಯಂಚಾಲನ ಸಾಫ್ಟ್‌ವೇರು ನಡೆಸುತ್ತದೆ. ಆ ಸಾಫ್ಟ್‌ವೇರು ಸರ್ವರ್ ಎಂಬ ಗಣಕಯಂತ್ರಗಳ ಮೇಲೆ ಓಡುತ್ತಿರುತ್ತದೆ. ಯಂತ್ರವೆಂದ ಮೇಲೆ ಎಂದಾದರೊಂದು ದಿನ ಅದು ಕೆಡಲೇಬೇಕು. ಹೀಗಿರಲು, ಕೆಡುವ ಯಂತ್ರಗಳಿಂದ ಕೆಡದ ಸೇವೆಯನ್ನು ಪಡೆಯುವುದು ಹೇಗೆ? ನಡೆಯುತ್ತಿರುವ ಕೆಲಸವನ್ನು ನಿಲ್ಲಿಸದೆ ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ಸಾಗುವುದು ಹೇಗೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ನಿಯಂತ್ರಣ ಕೊಠಡಿಯೊಳಗೆ

ಉದಾಹರಣೆಗೆ ವಿದ್ಯುಜ್ಜಾಲವನ್ನೇ ತೆಗೆದುಕೊಳ್ಳೋಣ. ದಕ್ಷಿಣ ಭಾರತದ ಜಾಲವನ್ನು ನೋಡಿಕೊಳ್ಳುವ ಪ್ರಾದೇಶಿಕ ಕೇಂದ್ರವು ಬೆಂಗಳೂರಿನಲ್ಲಿದೆ; ಇಂತಹ ಕೇಂದ್ರಗಳು ಎಲ್ಲ ದೇಶಗಳಲ್ಲಿಯೂ ಉಂಟು. ದೂರದೂರದ ಉಪಕೇಂದ್ರಗಳಲ್ಲಿರುವ ಅಳತೆಯ ಉಪಕರಣಗಳು ತಂತಿಯಲ್ಲಿ ಹರಿಯುವ ವಿದ್ಯುತ್ತೆಷ್ಟು, ವೋಲ್ಟೇಜೆಷ್ಟು, ಯಾವ ಸ್ವಿಚ್ಚು ತೆರೆದಿದೆ, ಯಾವುದು ಮುಚ್ಚಿದೆ ಎಂಬ ಸುದ್ದಿಯನ್ನು ಕೆಲವೇ ಸೆಕೆಂಡುಗಳಿಗೊಮ್ಮೆ ಕೇಂದ್ರಕ್ಕೆ ಕಳುಹಿಸುತ್ತವೆ. ಅಲ್ಲಿನ ಸರ್ವರು ಅದನ್ನೆಲ್ಲ ಸಂಗ್ರಹಿಸಿ, ಮಿತಿಯೊಡನೆ ಹೋಲಿಸಿ, ಪರದೆಯ ಮೇಲೆ ತೋರಿಸುತ್ತದೆ. ಯಾವುದಾದರೂ ಮಿತಿಮೀರಿದರೆ ಎಚ್ಚರಿಕೆಯ ಗಂಟೆಯನ್ನು ಬಾರಿಸುತ್ತದೆ. ಸರ್ವರು ನಿಂತರೆ ವಿದ್ಯುತ್ತು ಒಡನೆಯೇ ನಿಲ್ಲುವುದಿಲ್ಲ. ಆದರೆ ಜಾಲವನ್ನು ನಡೆಸುವವರು ಕುರುಡರಾಗುತ್ತಾರೆ. ಅದು ಎಷ್ಟು ಅಪಾಯಕರವೆಂಬುದು ಮುಂದೆ ತಿಳಿಯುತ್ತದೆ.

ಲಭ್ಯತೆಯ ಲೆಕ್ಕ

ಒಂದು ಯಂತ್ರವು ಒಟ್ಟು ಕಾಲದ ಎಷ್ಟು ಭಾಗದಲ್ಲಿ ಸೇವೆಗೆ ಸಿಗುತ್ತದೆಯೋ ಅದಕ್ಕೆ ಅದರ ಲಭ್ಯತೆ ಎಂದು ಹೆಸರು. ವರ್ಷಕ್ಕೆ 8,760 ಗಂಟೆಗಳು. ಲಭ್ಯತೆ ನೂರಕ್ಕೆ 99 ಎಂದರೆ ಕೇಳಲು ಬಹಳ ಚೆನ್ನಾಗಿದೆ; ಆದರೆ ಆ ಯಂತ್ರವು ವರ್ಷದಲ್ಲಿ 87.6 ಗಂಟೆ, ಎಂದರೆ ಮೂರೂವರೆ ದಿನಕ್ಕೂ ಹೆಚ್ಚು ಕಾಲ, ನಿಂತಿರುತ್ತದೆ. 99.9 ಆದರೆ ಸುಮಾರು ಎಂಟೂಮುಕ್ಕಾಲು ಗಂಟೆ, 99.99 ಆದರೆ ಸುಮಾರು 53 ನಿಮಿಷ, 99.999 ಆದರೆ ಐದೂಕಾಲು ನಿಮಿಷ. ಒಂದೊಂದು ಒಂಬತ್ತು ಸೇರಿದಾಗಲೂ ನಿಲುಗಡೆಯು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಲಭ್ಯತೆಯನ್ನು ಹೆಚ್ಚಿಸಲು ಎರಡು ದಾರಿಗಳಿವೆ. ಯಂತ್ರವು ಅಪರೂಪವಾಗಿ ಕೆಡುವಂತೆ ಮಾಡುವುದು ಒಂದು. ಕೆಟ್ಟಾಗ ಬೇಗ ಸರಿಪಡಿಸುವುದು ಇನ್ನೊಂದು. ಸರಾಸರಿ 990 ಗಂಟೆ ನಡೆದು ಕೆಡುವ ಯಂತ್ರವನ್ನು ದುರಸ್ತಿಮಾಡಲು 10 ಗಂಟೆ ಬೇಕಾದರೆ, ಅದರ ಲಭ್ಯತೆ 1,000ಕ್ಕೆ 990, ಅಂದರೆ ನೂರಕ್ಕೆ 99. ಅದೇ ಯಂತ್ರವನ್ನು ಒಂದೇ ಗಂಟೆಯಲ್ಲಿ ಸರಿಪಡಿಸಬಲ್ಲೆವಾದರೆ ಲಭ್ಯತೆ ನೂರಕ್ಕೆ 99.9ಕ್ಕೆ ಏರುತ್ತದೆ. ಯಂತ್ರ ಬದಲಾಗಲಿಲ್ಲ; ನಮ್ಮ ಸಿದ್ಧತೆ ಮಾತ್ರ ಬದಲಾಯಿತು.

ಸಿದ್ಧತೆಯ ಪರಮಾವಧಿಯೆಂದರೆ ಎರಡನೆಯ ಯಂತ್ರವೊಂದನ್ನು ಪಕ್ಕದಲ್ಲಿಯೇ ಚಾಲೂ ಇಟ್ಟುಕೊಂಡಿರುವುದು. ಒಂದು ಯಂತ್ರವು ನಿಂತಿರುವ ಸಂಭಾವ್ಯತೆ ನೂರರಲ್ಲಿ ಒಂದು. ಎರಡೂ ಒಂದೇ ಸಮಯದಲ್ಲಿ ನಿಂತಿರುವ ಸಂಭಾವ್ಯತೆ ನೂರರಲ್ಲಿ ಒಂದರ ನೂರರಲ್ಲಿ ಒಂದು, ಎಂದರೆ ಹತ್ತು ಸಾವಿರದಲ್ಲಿ ಒಂದು. ಮೂರೂವರೆ ದಿನಗಳ ನಿಲುಗಡೆ 53 ನಿಮಿಷಕ್ಕೆ ಇಳಿಯಿತು! ಸಾಧಾರಣವಾದ ಎರಡು ಯಂತ್ರಗಳು ಸೇರಿ ಅಸಾಧಾರಣವಾದ ಒಂದು ಯಂತ್ರದ ಕೆಲಸವನ್ನು ಮಾಡಿದುವು.

ಇದು ಇಂದಿನ ಉಪಾಯವಲ್ಲ. 1965ರಲ್ಲಿ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಸಕಾಸುನ್ನ ಎಂಬಲ್ಲಿ ಬೆಲ್ ಸಂಸ್ಥೆಯವರು ಪ್ರಾರಂಭಿಸಿದ ಎಲೆಕ್ಟ್ರಾನಿಕ್ ದೂರವಾಣಿ ಕೇಂದ್ರದಲ್ಲಿ ಜೋಡಿ ಗಣಕಗಳಿದ್ದುವು. ನಲವತ್ತು ವರ್ಷಗಳಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಕಾಲ ಸೇವೆ ನಿಲ್ಲಬಾರದೆಂಬುದು ಅವರು ಇಟ್ಟುಕೊಂಡ ಗುರಿ. ವರ್ಷಕ್ಕೆ ಅದು ಮೂರೇ ನಿಮಿಷ.

ಆದರೆ ಮೇಲಿನ ಗುಣಾಕಾರದೊಳಗೆ ಒಂದು ಷರತ್ತು ಅಡಗಿದೆ. ಒಂದು ಯಂತ್ರವು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿರಬಾರದು. ಎರಡಕ್ಕೂ ಒಂದೇ ವಿದ್ಯುತ್ ತಂತಿ, ಒಂದೇ ಕೊಠಡಿ, ಒಂದೇ ದೋಷವುಳ್ಳ ಸಾಫ್ಟ್‌ವೇರು ಇದ್ದರೆ ಗುಣಾಕಾರ ನಡೆಯದು. ನೂರು ಕೇಡುಗಳಲ್ಲಿ ಹತ್ತು ಮಾತ್ರ ಎರಡಕ್ಕೂ ಒಟ್ಟಿಗೆ ತಗಲುವಂಥವು ಎಂದಿಟ್ಟುಕೊಂಡರೂ, 53 ನಿಮಿಷಗಳ ನಿಲುಗಡೆ ಸುಮಾರು ಒಂಬತ್ತೂವರೆ ಗಂಟೆಗೆ ಜಿಗಿಯುತ್ತದೆ. ಹತ್ತರಲ್ಲಿ ಒಂದು ಪಾಲಿನ ಹಂಚಿಕೆ ನಮ್ಮ ಲಾಭದ ಬಹುಭಾಗವನ್ನು ನುಂಗಿಬಿಟ್ಟಿತು.

ಇಬ್ಬರು ಯಜಮಾನರ ಮನೆ

ಎರಡು ಸರ್ವರುಗಳನ್ನಿಟ್ಟ ಮೇಲೆ, ಒಂದು ಕೆಟ್ಟಿತೆಂಬುದು ಇನ್ನೊಂದಕ್ಕೆ ತಿಳಿಯುವುದು ಹೇಗೆ? ಅವುಗಳ ನಡುವೆ ಒಂದು ಸಂಪರ್ಕವಿರುತ್ತದೆ. ಅದರ ಮೂಲಕ ಪ್ರಧಾನ ಸರ್ವರು ಮೀಸಲು ಸರ್ವರಿಗೆ ಕ್ಷಣಕ್ಷಣಕ್ಕೂ 'ನಾನಿದ್ದೇನೆ' ಎಂಬ ಸಣ್ಣ ಸಂದೇಶವನ್ನು ಕಳುಹಿಸುತ್ತಿರುತ್ತದೆ. ಇದು ನಾಡಿಯ ಮಿಡಿತವಿದ್ದಂತೆ. ನಿಯತವಾದ ಅವಧಿಯವರೆಗೆ ಮಿಡಿತ ಕೇಳಿಸದಿದ್ದರೆ ಮೀಸಲು ಸರ್ವರು ತಾನೇ ಪ್ರಧಾನನಾಗಿ ಕೆಲಸವನ್ನು ವಹಿಸಿಕೊಳ್ಳುತ್ತದೆ.

ಇಲ್ಲೊಂದು ತೊಡಕಿದೆ. ಮಿಡಿತ ಕೇಳಿಸಲಿಲ್ಲವೆಂದರೆ ಸರ್ವರು ಸತ್ತಿತೆಂದೇ ಅರ್ಥವಲ್ಲ. ನಡುವಿನ ತಂತಿ ಮಾತ್ರ ತುಂಡಾಗಿರಬಹುದು. ಆಗ ಹಳೆಯ ಯಜಮಾನನೂ ಇದ್ದಾನೆ, ಹೊಸಬನೂ ಯಜಮಾನನಾದ. ಇಬ್ಬರೂ ಬೇರೆಬೇರೆ ಆಜ್ಞೆಗಳನ್ನು ಕೊಡುತ್ತಾರೆ. ಒಬ್ಬನ ಲೆಕ್ಕದಲ್ಲಿರುವುದು ಇನ್ನೊಬ್ಬನ ಲೆಕ್ಕದಲ್ಲಿರುವುದಿಲ್ಲ.

ಇದರ ಪರಿಣಾಮವನ್ನು ತೋರಿಸುವ ಘಟನೆಯೊಂದು 2018ನೆಯ ಇಸವಿ ಅಕ್ಟೋಬರ್ 21ರಂದು ನಡೆಯಿತು. ಸಾಫ್ಟ್‌ವೇರು ಬರೆಯುವವರು ತಮ್ಮ ಬರವಣಿಗೆಯನ್ನು ಇಟ್ಟುಕೊಳ್ಳುವ ಗಿಟ್‌ಹಬ್ ಎಂಬ ಸಂಸ್ಥೆಯಲ್ಲಿ ಕೆಟ್ಟ ಉಪಕರಣವೊಂದನ್ನು ಬದಲಾಯಿಸುತ್ತಿದ್ದಾಗ ಅಮೆರಿಕದ ಪೂರ್ವತೀರದ ಕೇಂದ್ರದ ಸಂಪರ್ಕವು 43 ಸೆಕೆಂಡು ಕಾಲ ಕಡಿದುಹೋಯಿತು. ಯಜಮಾನನನ್ನು ಆರಿಸುವ ಸ್ವಯಂಚಾಲನ ಸಾಫ್ಟ್‌ವೇರು ಒಡನೆಯೇ ಪಶ್ಚಿಮತೀರದ ಸರ್ವರುಗಳಿಗೆ ಯಜಮಾನಿಕೆಯನ್ನು ಕೊಟ್ಟಿತು. ಆದರೆ ಪೂರ್ವದಲ್ಲಿ ಆಗಲೇ ಬರೆದಿದ್ದ ಕೆಲವು ದಾಖಲೆಗಳು ಪಶ್ಚಿಮಕ್ಕೆ ಇನ್ನೂ ತಲಪಿರಲಿಲ್ಲ. ಸಂಪರ್ಕವು ಮರಳುವ ವೇಳೆಗೆ ಎರಡು ಕಡೆಗಳಲ್ಲಿಯೂ ಇನ್ನೊಂದು ಕಡೆ ಇಲ್ಲದ ಬರಹಗಳಿದ್ದುವು. ಯಾವುದನ್ನೂ ಕಳೆದುಕೊಳ್ಳಬಾರದೆಂದು ನಿಶ್ಚಯಿಸಿದ ಎಂಜಿನಿಯರುಗಳು ಎಲ್ಲವನ್ನೂ ಹೊಂದಿಸಲು 24 ಗಂಟೆ 11 ನಿಮಿಷ ಶ್ರಮಿಸಬೇಕಾಯಿತು. 43 ಸೆಕೆಂಡಿನ ಬಿರುಕಿಗೆ ಒಂದು ಹಗಲು ಒಂದು ರಾತ್ರಿಯ ಪ್ರಾಯಶ್ಚಿತ್ತ!

ಇಬ್ಬರು ಯಜಮಾನರ ಪೀಡೆಯನ್ನು ಪರಿಹರಿಸುವ ಉಪಾಯವು ನಮಗೆ ಪಂಚಾಯಿತಿಯಿಂದ ಚಿರಪರಿಚಿತವಾದದ್ದೇ: ಬಹುಮತ. ಎರಡರ ಬದಲು ಮೂರು ಸರ್ವರುಗಳನ್ನಿಡಬೇಕು. ಎರಡರ ಒಪ್ಪಿಗೆಯಿಲ್ಲದೆ ಯಾವುದೂ ಯಜಮಾನನಾಗಕೂಡದು. ತಂತಿ ತುಂಡಾದಾಗ ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು ಉಳಿಯುತ್ತವೆ. ಬಹುಮತವು ಎರಡೂ ಕಡೆ ಇರಲಾರದು. ಮೂರರಲ್ಲಿ ಒಂದು ಕೆಟ್ಟರೂ, ಐದರಲ್ಲಿ ಎರಡು ಕೆಟ್ಟರೂ ಕೆಲಸ ನಡೆಯುತ್ತದೆ. ನಾಲ್ಕನ್ನಿಟ್ಟರೆ ಮೂರಕ್ಕಿಂತ ಹೆಚ್ಚಿನ ರಕ್ಷಣೆಯೇನೂ ದೊರೆಯದೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು. ಆದರೆ ಬಹುಮತವು ಯಜಮಾನನನ್ನು ಆರಿಸಿದರಷ್ಟೆ ಸಾಲದು. ಬರೆದ ದಾಖಲೆಯೂ ಬಹುಮತದ ಸರ್ವರುಗಳಿಗೆ ತಲಪಿದ ಮೇಲೆಯೇ 'ಬರೆದಾಯಿತು' ಎನ್ನಬೇಕು. ಆ ನಿಯಮವಿದ್ದರೆ ಹೊಸ ಯಜಮಾನನಿಗೆ ತಿಳಿಯದ ಬರಹವು ಉಳಿಯದು.

1-2-3 ಎಣಿಸಿದ ಹಾಗಲ್ಲ: 2003ರ ಕತ್ತಲೆ

ಇನ್ನು ಮುಖ್ಯವಾದ ಕಥೆಗೆ ಬರೋಣ. 2003ನೆಯ ಇಸವಿ ಆಗಸ್ಟ್ 14ರ ಮಧ್ಯಾಹ್ನ. ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಸಂಸ್ಥೆಯ ನಿಯಂತ್ರಣ ಕೊಠಡಿ. ಎಚ್ಚರಿಕೆಯ ಸಾಫ್ಟ್‌ವೇರು ಓಡುತ್ತಿದ್ದ ಪ್ರಧಾನ ಸರ್ವರಿಗೆ ನಿಯಮದಂತೆ ಒಂದು ಮೀಸಲು ಸರ್ವರು ಇದ್ದಿತು.

ಎರಡು ಗಂಟೆ 14 ನಿಮಿಷದ ಹೊತ್ತಿಗೆ ಎಚ್ಚರಿಕೆಯ ಸಾಫ್ಟ್‌ವೇರು ಸದ್ದಿಲ್ಲದೆ ಸ್ತಬ್ಧವಾಯಿತು. ಪರದೆ ಆರಲಿಲ್ಲ, ದೋಷದ ಸೂಚನೆ ಬರಲಿಲ್ಲ, ಗಂಟೆ ಬಾರಿಸುವುದು ಮಾತ್ರ ನಿಂತಿತು. ಗಂಟೆ ಬಾರಿಸದಿದ್ದರೆ ಎಲ್ಲವೂ ಕ್ಷೇಮವೆಂದು ತಿಳಿಯುವುದು ಸಹಜವಷ್ಟೆ? ಕೊಠಡಿಯಲ್ಲಿದ್ದವರೂ ಹಾಗೆಯೇ ತಿಳಿದರು. ಒಳಗೆ ಮಾತ್ರ ಹೊರಗಿನಿಂದ ಬರುತ್ತಿದ್ದ ಸುದ್ದಿಗಳು ರಾಶಿಬೀಳತೊಡಗಿದ್ದುವು.

2 ಗಂಟೆ 41 ನಿಮಿಷಕ್ಕೆ ಪ್ರಧಾನ ಸರ್ವರು ಬಿದ್ದಿತು. ಯೋಜಿಸಿದ್ದಂತೆಯೇ ಅದರ ಮೇಲಿದ್ದ ಎಲ್ಲ ಕೆಲಸಗಳೂ ಮೀಸಲು ಸರ್ವರಿಗೆ ತಾವಾಗಿಯೇ ವರ್ಗವಾದುವು. ಆದರೆ ಸ್ತಬ್ಧವಾಗಿದ್ದ ಎಚ್ಚರಿಕೆಯ ಸಾಫ್ಟ್‌ವೇರು ಅದೇ ಸ್ತಬ್ಧ ಸ್ಥಿತಿಯಲ್ಲಿಯೇ ಅಲ್ಲಿಗೆ ಹೋಯಿತು! ರೋಗಿಯನ್ನು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಸಾಗಿಸಿದಂತಾಯಿತೇ ಹೊರತು ರೋಗವು ನಿಲ್ಲಲಿಲ್ಲ. ಹದಿಮೂರು ನಿಮಿಷಗಳಲ್ಲಿ, 2 ಗಂಟೆ 54 ನಿಮಿಷಕ್ಕೆ, ಮೀಸಲು ಸರ್ವರೂ ಬಿದ್ದಿತು. ಒಂದು ಪರದೆ ಹೊಸದಾಗಿ ಮೂಡಲು 59 ಸೆಕೆಂಡುಗಳವರೆಗೂ ಕಾಯಬೇಕಾದ ಸ್ಥಿತಿ ಬಂದೊದಗಿತು. ಗಣಕಗಳನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಸರ್ವರು ಬಿದ್ದ ಸುದ್ದಿ ತಾನಾಗಿಯೇ ತಲಪಿತು. ಅವರು ಸರ್ವರನ್ನು ಮತ್ತೆ ಎಬ್ಬಿಸಿದರು. ಆದರೆ ಎಚ್ಚರಿಕೆಯ ಗಂಟೆ ನಿಜವಾಗಿ ಬಾರಿಸುತ್ತಿದೆಯೇ ಎಂದು ಜಾಲವನ್ನು ನಡೆಸುವವರನ್ನು ಕೇಳಲಿಲ್ಲ.

ಇತ್ತ, ಹೊರೆ ಹೊತ್ತು ಬಿಸಿಯಾಗಿ ಜೋತುಬಿದ್ದ ತಂತಿಗಳು ಕೆಳಗೆ ಬೆಳೆದಿದ್ದ ಮರಗಳನ್ನು ಮುಟ್ಟತೊಡಗಿದುವು. 3 ಗಂಟೆ 5 ನಿಮಿಷಕ್ಕೆ ಒಂದು, 3 ಗಂಟೆ 32 ನಿಮಿಷಕ್ಕೆ ಇನ್ನೊಂದು, 3 ಗಂಟೆ 41 ನಿಮಿಷಕ್ಕೆ ಮತ್ತೊಂದು, ಹೀಗೆ 345 ಕಿಲೋವೋಲ್ಟಿನ ಮೂರು ಮಹಾಮಾರ್ಗಗಳು ಕಡಿದುಹೋದುವು. ಒಂದರ ಹೊರೆ ಉಳಿದವುಗಳ ಮೇಲೆ ಬಿದ್ದಿತು. ಆಗ ಕೆಲವು ಪ್ರದೇಶಗಳ ವಿದ್ಯುತ್ತನ್ನು ಬುದ್ಧಿಪೂರ್ವಕವಾಗಿ ತಡೆದು ಜಾಲವನ್ನು ಉಳಿಸಿಕೊಳ್ಳಲು ಕಾಲವಿದ್ದಿತು. ಕಾಣುವ ಕಣ್ಣು ಇರಲಿಲ್ಲ. 4 ಗಂಟೆ 6 ನಿಮಿಷದ ಸುಮಾರಿಗೆ ನಾಲ್ಕನೆಯ ದೊಡ್ಡ ಮಾರ್ಗವೂ ಹೋದ ಮೇಲೆ ಯಾರೂ ತಡೆಯುವಂತಿರಲಿಲ್ಲ. ಏಳೆಂಟು ನಿಮಿಷಗಳಲ್ಲಿ ಅಮೆರಿಕದ ಎಂಟು ಸಂಸ್ಥಾನಗಳಿಗೂ ಕೆನಡದ ಆಂಟೇರಿಯೊ ಪ್ರಾಂತಕ್ಕೂ ಕತ್ತಲೆ ಹಬ್ಬಿತು. ಸುಮಾರು ಐದು ಕೋಟಿ ಜನರು ವಿದ್ಯುತ್ತಿಲ್ಲದಾದರು. ನ್ಯೂಯಾರ್ಕಿನಲ್ಲಿ ನೆಲದಡಿಯ ರೈಲುಗಳು ಸುರಂಗಗಳಲ್ಲಿ ನಿಂತುವು. ಕೆಲವು ಕಡೆಗಳಲ್ಲಿ ದೀಪ ಮರಳಲು ನಾಲ್ಕು ದಿನಗಳು ಹಿಡಿದುವು.

ಎಚ್ಚರಿಕೆಯ ಸಾಫ್ಟ್‌ವೇರನ್ನು ಸ್ತಬ್ಧಗೊಳಿಸಿದ ದೋಷ ಎಂಥದು? ಇಬ್ಬರು ಗುಮಾಸ್ತರು ಒಂದೇ ಲೆಕ್ಕದ ಪುಸ್ತಕದ ಒಂದೇ ಪುಟದಲ್ಲಿ ಒಂದೇ ಕ್ಷಣದಲ್ಲಿ ಬರೆಯಲು ತೊಡಗಿದರೆ ಬರಹ ಕಲಸಿಹೋಗುವುದಲ್ಲವೆ? ಅದೇ ರೀತಿ ಆ ಸಾಫ್ಟ್‌ವೇರಿನ ಎರಡು ಭಾಗಗಳು ಒಂದೇ ದತ್ತಾಂಶವನ್ನು ಒಮ್ಮೆಗೇ ತಿದ್ದುವ ಸಂದರ್ಭವೊಂದು ಒಳಗೆ ಅಡಗಿದ್ದಿತು. ಕ್ಷಣದ ಅತ್ಯಲ್ಪ ಭಾಗದಲ್ಲಿ ಮಾತ್ರ ಅದು ಸಂಭವಿಸಬಲ್ಲದು. ಕಲಸಿಹೋದ ದತ್ತಾಂಶವನ್ನು ಓದಹೊರಟ ಸಾಫ್ಟ್‌ವೇರು ಗಾಣದೆತ್ತಿನಂತೆ ಒಂದೇ ಕಡೆ ಸುತ್ತತೊಡಗಿತು.

ಇಂತಹುದೇ ಪಾಠವನ್ನು 1996ನೆಯ ಇಸವಿ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ಟೂ ಕಲಿಸಿದ್ದಿತು. ದಿಕ್ಕನ್ನು ಅಳೆಯುವ ಎರಡು ಘಟಕಗಳು ಅದರಲ್ಲಿದ್ದುವು. ಎರಡರಲ್ಲಿಯೂ ಒಂದೇ ಸಾಫ್ಟ್‌ವೇರು. ತನಗೆ ಹಿಡಿಸಲಾರದಷ್ಟು ದೊಡ್ಡ ಸಂಖ್ಯೆಯೊಂದು ಬಂದಾಗ ಮೊದಲು ಮೀಸಲು ಘಟಕ, ಕಣ್ಣೆವೆಯಿಕ್ಕುವಷ್ಟರಲ್ಲಿ ಪ್ರಧಾನ ಘಟಕ, ಎರಡೂ ಒಂದೇ ಕಾರಣದಿಂದ ನಿಂತುವು. ಹೊರಟ ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟು ಒಡೆದು ಚೂರಾಯಿತು. ತಂತಿ ಸುಟ್ಟರೆ, ಫಲಕ ಒಡೆದರೆ ಜೋಡಿಯಂತ್ರವು ಕಾಪಾಡುತ್ತದೆ. ಆಲೋಚನೆಯೇ ತಪ್ಪಾಗಿದ್ದರೆ ಜೋಡಿಯಂತ್ರವು ಅದೇ ತಪ್ಪನ್ನು ಎರಡು ಸಲ ಮಾಡುತ್ತದೆ.

ಹಳೆಯದರಿಂದ ಹೊಸದಕ್ಕೆ

ಎರಡನೆಯ ಪ್ರಶ್ನೆಗೆ ಬರೋಣ. ಹಳೆಯ ಒಂಟಿ ಸರ್ವರಿನ ಮೇಲೆ ನಡೆಯುತ್ತಿರುವ ನಿಯಂತ್ರಣ ಕಾರ್ಯವನ್ನು ಹೊಸ ಜೋಡಿಯ ಮೇಲೆ ಸಾಗಿಸಬೇಕಾಗಿದೆಯೆಂದು ಊಹಿಸೋಣ. ಕೆಲಸವನ್ನು ಈ ಕ್ರಮದಲ್ಲಿ ಮಾಡತಕ್ಕದ್ದು.

ಮೊದಲನೆಯದು ಪಟ್ಟಿ. ಹಳೆಯ ಸರ್ವರನ್ನು ಯಾರುಯಾರು ಆಶ್ರಯಿಸಿದ್ದಾರೆ, ಅದು ಯಾವುದನ್ನು ಆಶ್ರಯಿಸಿದೆ ಎಂಬುದನ್ನೆಲ್ಲ ಬರೆಯಬೇಕು. ಹಲವು ವರ್ಷಗಳ ಹಿಂದೆ ಯಾರೋ ಜೋಡಿಸಿ ಮರೆತ ಒಂದು ಮುದ್ರಣಯಂತ್ರವೂ, ಸಮಯವನ್ನು ತಿಳಿಸುವ ಗಡಿಯಾರವೂ ಇದರಲ್ಲಿ ಸೇರಬೇಕು. ಪಟ್ಟಿ ಮಾಡುವಾಗಲೇ ಒಂಟಿಕೊಂಡಿಗಳು ಕಣ್ಣಿಗೆ ಬೀಳುತ್ತವೆ. ಸರಪಳಿಯಲ್ಲಿ ಜೋಡಿ ಸರ್ವರುಗಳಿದ್ದು ಅವೆರಡೂ ಒಂದೇ ವಿದ್ಯುತ್ ಮೂಲಕ್ಕೆ ಸೇರಿದ್ದರೆ ಅದೇ ಒಂಟಿಕೊಂಡಿ.

ಎರಡನೆಯದು ನಿರ್ಧಾರ. ಸೇವೆಯು ಹೆಚ್ಚೆಂದರೆ ಎಷ್ಟು ಹೊತ್ತು ನಿಲ್ಲಬಹುದು? ಎಷ್ಟು ಕ್ಷಣಗಳ ದಾಖಲೆ ಕಳೆದರೆ ಸಹಿಸಬಹುದು? ಈ ಎರಡು ಸಂಖ್ಯೆಗಳು ನಿಶ್ಚಯವಾಗದೆ ಯಂತ್ರವನ್ನು ಕೊಳ್ಳುವುದು ಅಳತೆ ಕೊಡದೆ ಅಂಗಿ ಹೊಲಿಸಿದಂತೆ. ಗ್ರಂಥಾಲಯದ ಸರ್ವರಿಗೆ ಒಂದು ದಿನದ ನಿಲುಗಡೆ ಸಹ್ಯ; ವಿದ್ಯುಜ್ಜಾಲಕ್ಕೆ ಒಂದು ನಿಮಿಷವೂ ಹೆಚ್ಚು.

ಮೂರನೆಯದು ಜೊತೆನಡಿಗೆ. ಹೊಸ ಸರ್ವರುಗಳನ್ನು ಬೇರೆಬೇರೆ ಕೊಠಡಿಗಳಲ್ಲಿ, ಬೇರೆ ವಿದ್ಯುತ್ ಮೂಲಗಳೊಡನೆ ಸ್ಥಾಪಿಸಿ, ಹೊರಗಿನ ಅಳತೆಗಳು ಹಳೆಯದಕ್ಕೂ ಹೊಸದಕ್ಕೂ ಏಕಕಾಲದಲ್ಲಿ ತಲಪುವಂತೆ ಮಾಡಬೇಕು. ಆಜ್ಞೆ ಕೊಡುವ ಅಧಿಕಾರ ಮಾತ್ರ ಹಳೆಯದಕ್ಕೇ ಇರಲಿ. ಎರಡರ ಉತ್ತರಗಳನ್ನೂ ದಿನದಿನವೂ ಹೋಲಿಸುತ್ತ, ಭೇದ ಕಂಡಲ್ಲೆಲ್ಲ ಕಾರಣವನ್ನು ಹುಡುಕಬೇಕು. ಹೊಸ ದೀಪವು ನಿಂತು ಉರಿಯುತ್ತದೆಯೇ ಎಂದು ನೋಡುವ ಕಾಲವಿದು.

ನಾಲ್ಕನೆಯದು ಬೇಕೆಂದೇ ಕೆಡಿಸುವುದು. ತಂತಿಯನ್ನು ಕೀಳಬೇಕು, ಒಂದು ಸರ್ವರಿನ ವಿದ್ಯುತ್ತನ್ನು ತೆಗೆಯಬೇಕು, ಸಾಫ್ಟ್‌ವೇರನ್ನು ಸ್ತಬ್ಧಗೊಳಿಸಬೇಕು. ಇದನ್ನು ಪೂರ್ಣ ಹೊರೆಯಿರುವಾಗಲೇ ಮಾಡಬೇಕು. ಹೊತ್ತಿಸಿ ನೋಡದ ಲಾಂದ್ರವನ್ನು ಕಾಡಿನ ದಾರಿಗೆ ಯಾರೂ ಒಯ್ಯುವುದಿಲ್ಲವಷ್ಟೆ. ಸರ್ವರು ಉಸಿರಾಡುತ್ತಿದೆಯೇ ಎಂದು ಕೇಳಿದರೆ ಸಾಲದು, ಅದು ಕೆಲಸ ಮಾಡುತ್ತಿದೆಯೇ ಎಂದು ಕೇಳಬೇಕೆಂಬುದೇ 2003ರ ಪಾಠ. ಆದುದರಿಂದ ಆಗಾಗ್ಗೆ ಒಂದು ಹುಸಿ ಎಚ್ಚರಿಕೆಯನ್ನು ಕಳುಹಿಸಿ, ಗಂಟೆ ಬಾರಿಸಿತೇ ಎಂದು ನೋಡುವ ಏರ್ಪಾಡಿರಬೇಕು.

ಐದನೆಯದು ಹಸ್ತಾಂತರ. ಹೊರೆ ಕಡಿಮೆಯಿರುವ ಹೊತ್ತಿನಲ್ಲಿ, ಒಂದೊಂದೇ ಉಪಕೇಂದ್ರವನ್ನು ಹೊಸ ಸರ್ವರಿಗೆ ಒಪ್ಪಿಸುತ್ತ ಹೋಗಬೇಕು. ಯಾವ ಗಂಟೆಯೊಳಗೆ ಸರಿಹೋಗದಿದ್ದರೆ ಹಿಂದಿರುಗುವುದೆಂದು ಮೊದಲೇ ಬರೆದಿಡಬೇಕು. ದಣಿದ ನಡುರಾತ್ರಿಯಲ್ಲಿ 'ಇನ್ನೊಂದು ಸಲ ನೋಡೋಣ' ಎಂಬ ಆಸೆ ಪ್ರಬಲವಾಗುತ್ತದೆ. ಕೆಲವು ವಾರಗಳವರೆಗೆ ಹಳೆಯ ಸರ್ವರು ಚಾಲೂ ಸ್ಥಿತಿಯಲ್ಲಿಯೇ ಇರಲಿ. ಮುಂದೆ ಸಾಫ್ಟ್‌ವೇರನ್ನು ಬದಲಾಯಿಸುವಾಗಲೂ ಜೋಡಿಯ ಎರಡನ್ನೂ ಒಟ್ಟಿಗೆ ಬದಲಾಯಿಸದೆ, ಮೀಸಲಿನದನ್ನು ಮೊದಲು ಬದಲಿಸಿ, ಅದಕ್ಕೆ ಅಧಿಕಾರ ಕೊಟ್ಟು ಕೆಲವು ದಿನ ಕಾದು, ಆಮೇಲೆ ಇನ್ನೊಂದನ್ನು ಮುಟ್ಟಬೇಕು.

ಈ ಕ್ರಮವನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು ಸಾಕ್ಷಿ. 2018ರ ಏಪ್ರಿಲಿನಲ್ಲಿ ಒಂದೇ ವಾರಾಂತ್ಯದಲ್ಲಿ ಸುಮಾರು ಐವತ್ತು ಲಕ್ಷ ಗಿರಾಕಿಗಳ ಲೆಕ್ಕಗಳನ್ನು ಅದು ಹೊಸ ವ್ಯವಸ್ಥೆಗೆ ಸಾಗಿಸಿತು. ಲೆಕ್ಕಗಳು ಕ್ಷೇಮವಾಗಿಯೇ ಬಂದು ಸೇರಿದುವು; ಆದರೆ ನಿಜವಾದ ಹೊರೆ ಬಿದ್ದಾಗ ಹೊಸ ವ್ಯವಸ್ಥೆ ತಡೆಯಲಿಲ್ಲ. ಹತ್ತೊಂಬತ್ತು ಲಕ್ಷದವರೆಗೆ ಜನರು ತಮ್ಮ ಹಣದ ಲೆಕ್ಕವನ್ನೇ ಕಾಣದಾದರು. ಅವಳಿಗಳಂತೆ ಕೆಲಸ ಮಾಡಬೇಕಾಗಿದ್ದ ಎರಡು ಕೇಂದ್ರಗಳಲ್ಲಿ ಒಂದನ್ನು ಮಾತ್ರ ಹೊರೆಯ ಪರೀಕ್ಷೆಗೆ ಒಳಪಡಿಸಿದ್ದರೆಂಬುದು ತರುವಾಯದ ವಿಚಾರಣೆಯಲ್ಲಿ ತಿಳಿದುಬಂದಿತು. 2022ರ ಡಿಸೆಂಬರಿನಲ್ಲಿ ಬ್ಯಾಂಕಿಗೆ 4 ಕೋಟಿ 86 ಲಕ್ಷ ಪೌಂಡುಗಳಿಗೂ ಮಿಕ್ಕಿ ದಂಡ ಬಿದ್ದಿತು.

ಉಪಸಂಹಾರ

ಹೆಚ್ಚು ಲಭ್ಯತೆಯನ್ನು ಅಂಗಡಿಯಿಂದ ಕೊಂಡು ತರಲಾಗದೆಂಬುದು ಈಗ ವಾಚಕರಿಗೆ ವಿದಿತವಾಗಿರಬಹುದು. ಎರಡನೆಯ ಯಂತ್ರವನ್ನು ಕೊಳ್ಳಬಹುದು. ಅದು ಮೊದಲನೆಯದರ ರೋಗವನ್ನು ಹಂಚಿಕೊಳ್ಳದಂತೆ ನೋಡುವುದು, ಅದನ್ನು ಪರೀಕ್ಷಿಸುತ್ತಲೇ ಇರುವುದು, ಪಕ್ಕದ ಕೊಠಡಿಯವರೊಡನೆ ಮಾತನಾಡುವುದು ಇವು ಮನುಷ್ಯರು ಮಾಡಬೇಕಾದ ಕೆಲಸಗಳು. ಒಹಾಯೊದಲ್ಲಿ ಎರಡು ಸರ್ವರುಗಳಿದ್ದುವು, 'ಗಂಟೆ ಬಾರಿಸುತ್ತಿದೆಯೇ?' ಎಂಬ ಒಂದು ಪ್ರಶ್ನೆ ಸಕಾಲದಲ್ಲಿ ಬರಲಿಲ್ಲ. ನಂದಾದೀಪವು ಆರದಿರುವುದು ಎಣ್ಣೆಯಿಂದ ಮಾತ್ರವಲ್ಲ, ನೋಡಿಕೊಳ್ಳುವವರ ಎಚ್ಚರದಿಂದ.

ಅಭ್ಯಾಸಕ್ಕೆ

1. ಪ್ರತಿಯೊಂದರ ಲಭ್ಯತೆ ನೂರಕ್ಕೆ 99 ಇರುವ ಮೂರು ಸರ್ವರುಗಳಲ್ಲಿ ಕನಿಷ್ಠ ಎರಡು ನಡೆಯುತ್ತಿದ್ದರೆ ಮಾತ್ರ ಸೇವೆ ದೊರೆಯುತ್ತದೆ. ಒಟ್ಟು ಲಭ್ಯತೆ ಎಷ್ಟು? (ಉತ್ತರ: ಸುಮಾರು 99.97. ಇದು ಜೋಡಿಯ 99.99ಕ್ಕಿಂತ ಕಡಿಮೆ; ಆದರೂ ಮೂರನ್ನಿಡುವುದೇಕೆ ಎಂಬುದನ್ನು ಆಲೋಚಿಸಿರಿ.)

2. ಜೋಡಿ ಸರ್ವರುಗಳ ಲಭ್ಯತೆ 99.99, ಅವೆರಡನ್ನೂ ಹೊರಗಿನ ಜಾಲಕ್ಕೆ ಸೇರಿಸುವ ಒಂದೇ ಸಂಪರ್ಕ ಪೆಟ್ಟಿಗೆಯ ಲಭ್ಯತೆ 99.9. ವರ್ಷಕ್ಕೆ ಎಷ್ಟು ಗಂಟೆ ನಿಲುಗಡೆ? (ಉತ್ತರ: ಸುಮಾರು 9.6 ಗಂಟೆ.)

3. ನಿಮ್ಮ ಕಾಲೇಜಿನ ಪ್ರಯೋಗಶಾಲೆಗೆ ವಿದ್ಯುತ್ತೂ ನೀರೂ ಬರುವ ದಾರಿಯನ್ನು ಗುರುತಿಸಿ ಚಿತ್ರ ಬರೆಯಿರಿ. ಯಾವ ಒಂದು ವಸ್ತು ಕೆಟ್ಟರೆ ಎಲ್ಲವೂ ನಿಲ್ಲುತ್ತದೆ?